ಯಾರ ಹೊಟ್ಟೆಯಲ್ಲಿ ಯಾರು?

ನಿಂಬೆ ಚಿಟ್ಟೆಯ ಕೋಶದಿಂದ ನಿಂಬೆ ಚಿಟ್ಟೆಯೇ ಬರಬೇಕೆಂದೇನೂ ಇಲ್ಲ. ಕರಿಬೇವಿನ ಕಡ್ಡಿಗೆ ಅಂಟಿಕೊಂಡಿದ್ದ ಕೋಶವೊಂದು ಬಣ್ಣಗೆಟ್ಟು ಕಂದಾಯಿತು. ಕೊನೆಗೊಂದು ಬೆಳಿಗ್ಗೆ ಅದರೊಳಗಿಂದ ಹಸಿರು ಮಿರುಗಿನ, ಎರಡು ಮೂರು ಮಿಲಿಮೀಟರ್ ಉದ್ದದ ಕಣಜಗಳು ಒಂದರ ಹಿಂದೊಂದು ಹೊರಟವು. ಟೆರೊಮೇಲಸ್ ಪ್ಯೂಪಾರಂ ಇರಬೇಕು. ಇದರ ತಾಯಿ ಹಸಿರು ಹುಳುವಿನ ಪಕ್ಕದಲ್ಲೇ ಕಾದು ಕೂರುತ್ತದಂತೆ. ಹುಳು ಕೊನೆಯ ಪೊರೆ ಕಳಚಿ ಕೋಶವಾಗುವ ಹೊತ್ತಿನಲ್ಲಿ ಮೈ ಇನ್ನೂ ಮೆತ್ತಗಿರುತ್ತದೆ, ಮೊಟ್ಟೆ ಚುಚ್ಚುವುದು ಆಗಲೇ. ತಡವಾದರೆ ಸಿಪ್ಪೆ ಗಟ್ಟಿಯಾಗಿಬಿಡುತ್ತದೆ. ಇಷ್ಟು ಸಣ್ಣ ಜೀವಕ್ಕೆ ಈ ಮುಹೂರ್ತ ಹೇಳಿಕೊಟ್ಟವರು ಯಾರು?

*

ಪರಾವಲಂಬಿ ಕಣಜ ಎಂದರೆ ಯಾವ ಗುಂಪು ಎಂದು ಹುಡುಕಲು ಹೊರಟು ತಲೆ ಕೆಟ್ಟಿದೆ.

ಇರುವೆ, ಜೇನು, ಕಣಜಗಳೆಲ್ಲ ಸೇರಿ ಹೈಮೆನಾಪ್ಟೆರಾ ಗಣ. ಹಳೆಯ ಪುಸ್ತಕಗಳು ಇದರಲ್ಲಿ ಸಪೂರ ಸೊಂಟದವನ್ನೆಲ್ಲ ಒಂದು ಕಡೆ ಮಾಡಿ ಎರಡು ಪಾಲು ಹಾಕಿದ್ದವು. ಬೇರೆ ಕೀಟಗಳ ಮೈಯಲ್ಲಿ ಮೊಟ್ಟೆಯಿಡುವವು ಪಾರಾಸಿಟಿಕಾ. ಮೊಟ್ಟೆಯಿಡುವ ಕೊಳವೆಯೇ ವಿಷದ ಕೊಂಡಿಯಾಗಿ ಮಾರ್ಪಟ್ಟವು ಅಕ್ಯುಲಿಯೇಟಾ. ಕೇಳಲು ಚೊಕ್ಕವಾಗಿದೆ, ಆದರೆ ನಿಲ್ಲುವುದಿಲ್ಲ. ವಂಶವೃಕ್ಷ ಬಿಡಿಸಿ ನೋಡಿದರೆ ಎರಡನೆಯ ಪಾಲು ಮೊದಲನೆಯದರ ಒಳಗಿನಿಂದಲೇ ಕವಲೊಡೆದಿದೆ. ಅಂದರೆ ನಮ್ಮ ಜೇನು, ಇರುವೆಗಳೆಲ್ಲ ಪರಾವಲಂಬಿ ಕಣಜಗಳ ಮನೆತನದವೇ, ಕುಲಕಸುಬು ಬಿಟ್ಟವು ಅಷ್ಟೆ. ಕೊಂಡಿಯವರಲ್ಲೂ ಕೆಲವರು ಕಸುಬು ಬಿಟ್ಟಿಲ್ಲ. ತೆಂಗಿನ ಕಪ್ಪುತಲೆ ಹುಳುವಿನ ಮೇಲೆ ಬಿಡಲೆಂದು ಪ್ರಯೋಗಾಲಯಗಳಲ್ಲಿ ಸಾಕುವ ಗೊನಿಯೋಜಸ್ ನೆಫಾಂಟಿಡಿಸ್ ಅಂಥದ್ದು. ಹುಳುವನ್ನು ಚುಚ್ಚಿ ನಿಶ್ಚಲಗೊಳಿಸಿ ಅದರ ಮೈಮೇಲೆಯೇ ಮೊಟ್ಟೆಯಿಡುತ್ತದೆ. ಹಾಗಾಗಿ ನನ್ನ ಮಟ್ಟಿಗೆ ‘ಪರಾವಲಂಬಿ ಕಣಜ’ ಎನ್ನುವುದು ವಂಶದ ಗುರುತಲ್ಲ, ಕಸುಬಿನ ಗುರುತು.

ವಂಶ ಬಲ್ಲವರಿಗೂ ಇದು ಸುಲಭವಾಗಿಲ್ಲ ಎನ್ನುವುದೊಂದು ಸಮಾಧಾನ. ಕೋಶದಿಂದ ಬಂದ ಆ ಹಸಿರು ಕಣಜದ ಟೆರೊಮೇಲಿಡೇ ಕುಟುಂಬವನ್ನೇ ನೋಡಿ. ಎಲ್ಲೂ ಸೇರದವನ್ನು ತಂದು ತುರುಕುವ ಮನೆಯ ಅಟ್ಟದಂತೆ ಅದು ಬಹುಕಾಲ ಬಳಕೆಯಾಯಿತು. 2022ರಲ್ಲಿ ಕೀಟತಜ್ಞರ ದೊಡ್ಡ ತಂಡವೊಂದು ಆ ಅಟ್ಟ ಇಳಿಸಿ, ಸಾಮಾನು ವಿಂಗಡಿಸಿ, ಹೊಸ ಕುಟುಂಬಗಳನ್ನು ಮಾಡಿತು. ಈಗ ಅದು ಸೇರಿದ ಕ್ಯಾಲ್ಸಿಡಾಯ್ಡಿಯಾ ಎಂಬ ಮೇಲ್ಕುಟುಂಬದಲ್ಲಿ 50 ಕುಟುಂಬಗಳಿವೆ. ಇನ್ನೊಂದು ಕಡೆ ಇಕ್ನ್ಯೂಮೊನಿಡೇ ಎಂಬ ಒಂದೇ ಕುಟುಂಬದಲ್ಲಿ ಹೆಸರು ಪಡೆದ ಪ್ರಭೇದಗಳೇ 25,000 ದಾಟಿವೆ. ಜಗತ್ತಿನ ಹಕ್ಕಿ ಪ್ರಭೇದಗಳೆಲ್ಲ ಸೇರಿದರೆ 11,000ದ ಆಸುಪಾಸು. ಪ್ರಾಣಿಲೋಕದಲ್ಲಿ ದುಂಬಿಗಳೇ ಅತಿ ಹೆಚ್ಚು ಎಂದು ಓದಿಕೊಂಡವರು ನಾವು. ಪ್ರತಿ ಕೀಟಕ್ಕೂ ಅದರದ್ದೇ ಕಣಜವೊಂದೋ ಎರಡೋ ಇರುವಾಗ ಮೊದಲ ಸ್ಥಾನ ಕಣಜಗಳಿಗೇ ಸಲ್ಲಬೇಕು ಎಂದು 2018ರಲ್ಲಿ ಒಂದು ಪ್ರಬಂಧ ಲೆಕ್ಕ ಹಾಕಿ ವಾದಿಸಿತು. ವಾದ ನನಗೆ ಒಪ್ಪಿಗೆ.

*

ಚಿಗಟ, ಹೇನು ನಿಜವಾದ ಪರಾವಲಂಬಿಗಳು. ಆಶ್ರಯ ಕೊಟ್ಟವರನ್ನು ಕಾಡುತ್ತವೆ, ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಹುಲಿ ಕೊಲ್ಲುತ್ತದೆ, ಒಳಗೆ ವಾಸ ಮಾಡುವುದಿಲ್ಲ. ಈ ಕಣಜದ ಮರಿ ಎರಡನ್ನೂ ಮಾಡುತ್ತದೆ. ಹಲವು ಪ್ರಭೇದಗಳ ಮರಿಗಳು ಹುಳುವಿನ ರಕ್ತ, ಕೊಬ್ಬು ತಿಂದುಕೊಂಡು, ಜೀವ ಹೋಗುವ ಅಂಗಗಳನ್ನು ಕಡೆಗೆ ಉಳಿಸುತ್ತವೆ. ಹುಳು ಎಲೆ ಮೇಯುತ್ತಲೇ ಇರುತ್ತದೆ, ತನಗಾಗಿ ಅಲ್ಲ. ಡಾರ್ವಿನ್ 1860ರಲ್ಲಿ ಏಸಾ ಗ್ರೇಗೆ ಪತ್ರ ಬರೆದು, ದಯಾಳುವಾದ ದೇವರು ಇಂಥವನ್ನು ಬೇಕೆಂದೇ ಸೃಷ್ಟಿಸಿರುತ್ತಾನೆಂದು ನಂಬಲಾರೆ ಎಂದದ್ದು ಇವನ್ನು ಕಂಡೇ.

ಹುಳುವಿನ ಮೈ ಸುಮ್ಮನಿರುತ್ತದೆಯೇ? ಹೊರಗಿನ ವಸ್ತು ಒಳಹೊಕ್ಕರೆ ರಕ್ತಕಣಗಳು ಸುತ್ತುಗಟ್ಟಿ ಉಸಿರು ಕಟ್ಟಿಸುತ್ತವೆ. ಅದಕ್ಕೆ ಬ್ರಾಕಾನಿಡೇ ಕುಟುಂಬದ ಹಲವು ಕಣಜಗಳು ಮೊಟ್ಟೆಯ ಜೊತೆಗೆ ವೈರಸ್ಸನ್ನೂ ಚುಚ್ಚುತ್ತವೆ. ಹುಳುವಿನ ರೋಗನಿರೋಧ ಅಲ್ಲಿಗೆ ಮಲಗಿತು. ತಮಾಷೆಯೆಂದರೆ ಆ ವೈರಸ್ಸಿನ ವಂಶವಾಹಿಗಳು ಕಣಜದ ವರ್ಣತಂತುಗಳಲ್ಲೇ ಬರೆದುಕೊಂಡಿವೆ. ಸುಮಾರು 10 ಕೋಟಿ ವರ್ಷಗಳ ಹಿಂದೆ ಯಾವುದೋ ಪೂರ್ವಜ ಕಣಜಕ್ಕೆ ತಗುಲಿದ ಸೋಂಕು ಇವತ್ತು ಅದರ ಅಂಗದಂತೆ ಕೆಲಸ ಮಾಡುತ್ತಿದೆ. ಅದನ್ನು ವೈರಸ್ ಎನ್ನಬೇಕೋ, ಕಣಜ ಎನ್ನಬೇಕೋ?

*

ಜಿರಲೆ ಕಣಜ. ಮೈ ನೀಲಿ ಹಸಿರಾಗಿ ಹೊಳೆಯುತ್ತದೆ, ಹಿಂದಿನ ಎರಡು ಜೋಡಿ ತೊಡೆಗಳು ಕೆಂಪು. ಆಂಪ್ಯುಲೆಕ್ಸ್ ಕಂಪ್ರೆಸ್ಸಾ, ದಕ್ಷಿಣ ಏಷ್ಯಾದ್ದೇ.

ಮೊದಲ ಚುಚ್ಚು ಎದೆಗೆ. ಜಿರಲೆಯ ಮುಂಗಾಲುಗಳು ಕೆಲವು ನಿಮಿಷ ಸೋತು ಬೀಳುತ್ತವೆ. ಆ ಬಿಡುವಿನಲ್ಲಿ ಎರಡನೆಯ ಚುಚ್ಚು ಕುತ್ತಿಗೆಯಿಂದ ನೇರ ಮಿದುಳಿಗೆ. ಆಮೇಲೆ ಜಿರಲೆ ಓಡುವುದಿಲ್ಲ. ಅರ್ಧ ಗಂಟೆಯಷ್ಟು ಹೊತ್ತು ನಿಂತಲ್ಲೇ ಮೀಸೆ, ಕಾಲು ತೀಡಿಕೊಂಡು ಮೈ ಶುಚಿ ಮಾಡಿಕೊಳ್ಳುತ್ತದೆ. ಅಷ್ಟರಲ್ಲಿ ಕಣಜ ಬಿಲ ಗೊತ್ತುಮಾಡಿ ಬಂದು, ಜಿರಲೆಯ ಮೀಸೆಯನ್ನು ಅರ್ಧಕ್ಕೆ ಕತ್ತರಿಸಿ, ಒಸರಿದ ರಸ ಕುಡಿದು, ಉಳಿದ ಮೋಟು ಹಿಡಿದು ನಡೆಸಿಕೊಂಡು ಹೋಗುತ್ತದೆ. ಜಿರಲೆ ಹಿಂದೆಯೇ ನಡೆಯುತ್ತದೆ. ಬಿಲದಲ್ಲಿ ಅದರ ನಡುಗಾಲಿನ ಬುಡಕ್ಕೊಂದು ಮೊಟ್ಟೆ, ಬಿಲದ ಬಾಯಿಗೆ ಕಲ್ಲು ಕಸ. ಜಿರಲೆಗೆ ನಡೆಯುವ ಶಕ್ತಿ ಪೂರ್ತಿ ಇದೆ, ತಾನಾಗಿ ಹೊರಡುವ ಮನಸ್ಸು ಮಾತ್ರ ಹೋಗಿದೆ. ಆಕ್ಟೊಪಮೀನ್ ಎಂಬ ನರರಸಾಯನದ ಕೆಲಸ ವಿಷದಿಂದ ಕುಂದುವುದೇ ಕಾರಣ ಎನ್ನುತ್ತಾರೆ. ವಿಷಕ್ಕೆ ಸಿಕ್ಕಿ ಕುಂದುವ ವಸ್ತುವೇ ‘ಮನಸ್ಸು’ ಎಂದಾದರೆ, ಜಿರಲೆಗೂ ಅದು ಇತ್ತು ಎಂದಾಯಿತು.

*

ಮೆಗಾಫ್ರಾಗ್ಮಾ ಎಂಬ ಕಣಜ: ಉದ್ದ 0.2 ಮಿಲಿಮೀಟರ್. ಒಂದೇ ಕೋಶದ ಪ್ಯಾರಮೀಸಿಯಂಗಿಂತ ಹೆಚ್ಚಿಲ್ಲ. ಅದರ ಮಿದುಳಿನ ನರಕೋಶಗಳಲ್ಲಿ ಹೆಚ್ಚಿನವಕ್ಕೆ ಕೋಶಕೇಂದ್ರವೇ ಇಲ್ಲ, ಜಾಗ ಸಾಲದೆಂದು ಕಳಚಿಕೊಂಡಿದೆ. ಅಷ್ಟರಲ್ಲೇ ಹಾರುತ್ತದೆ, ಥ್ರಿಪ್ಸ್ ಮೊಟ್ಟೆ ಹುಡುಕುತ್ತದೆ.

*

ಹೈಮೆನಾಪ್ಟೆರಾ ಗಣದಲ್ಲಿ ಫಲಿತವಾದ ಮೊಟ್ಟೆ ಹೆಣ್ಣು, ಫಲಿತವಾಗದ್ದು ಗಂಡು. ಮಗನಿಗೆ ಅಪ್ಪನಿಲ್ಲ, ತಾತನಿದ್ದಾನೆ. ಇಲ್ಲಿಯವರೆಗೆ ಹೇಗೋ ಅರಗಿಸಿಕೊಂಡಿದ್ದೆ.

ಬಿಳಿನೊಣಗಳ ಮೇಲೆ ಬದುಕುವ ಎನ್‌ಕಾರ್ಸಿಯಾ ಜಾತಿಯ ಹಲವು ಪ್ರಭೇದಗಳ ಕಥೆ ಕೇಳಿ. ಹೆಣ್ಣಾಗಬೇಕಾದ ಮೊಟ್ಟೆಯನ್ನು ತಾಯಿ ಬಿಳಿನೊಣದ ಮರಿಯೊಳಗೆ ಇಡುತ್ತದೆ. ಗಂಡಾಗಬೇಕಾದ್ದನ್ನು ಇಡುವುದು ಈಗಾಗಲೇ ಬಿಳಿನೊಣದೊಳಗೆ ಬೆಳೆಯುತ್ತಿರುವ ಕಣಜದ ಮರಿಯ ಮೇಲೆ. ಎಷ್ಟೋ ಸಲ ಅದು ತನ್ನದೇ ಪ್ರಭೇದದ ಹೆಣ್ಣುಮರಿ. ಆಗೆಲ್ಲ ಅಕ್ಕನೋ ಚಿಕ್ಕಮ್ಮನ ಮಗಳೋ ಆಹಾರವಾದರೆ ಮಾತ್ರ ಗಂಡು ಹುಟ್ಟೀತು. ಒಂದೇ ತಾಯಿಯ ಮಕ್ಕಳಲ್ಲಿ ಹೆಣ್ಣು ಬಿಳಿನೊಣದ ಪರಾವಲಂಬಿ, ಗಂಡು ಪರಾವಲಂಬಿಯ ಪರಾವಲಂಬಿ. ಇದನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ? ನಾನು ಪೆನ್ನು ಕೆಳಗಿಟ್ಟೆ.

*

ಅತ್ತಿಹಣ್ಣು ಒಡೆದರೆ ಹುಳ. ಎಲ್ಲರಿಗೂ ಗೊತ್ತು. ಆದರೆ ಅದರೊಳಗೆ ಒಂದೇ ಬಗೆಯ ಕಣಜವಿಲ್ಲ. ಪರಾಗ ಹೊತ್ತು ಕಾಯಿಯ ತುದಿಯ ಕಿಂಡಿಯಿಂದ ನುಸುಳುವ ಸೆರಟೊಸೊಲೆನ್, ಮರ ಕರೆದ ಅತಿಥಿ. ಕರೆಯದ ಅಪೊಕ್ರಿಪ್ಟಾ ಹೊರಗೆ ನಿಂತೇ ಕಾಯಿಯ ಗೋಡೆಗೆ ಕೊಳವೆ ಇಳಿಸಿ, ಒಳಗಿರುವ ಬೇರೆ ಮರಿಗಳ ಪಾಲಿಗೆ ತನ್ನ ಮೊಟ್ಟೆ ಸೇರಿಸುತ್ತದೆ. ಕೂದಲಿಗಿಂತ ಸಪೂರವಾದ ಆ ಕೊಳವೆ ಬಾಗಿ ಮುರಿಯುವುದಿಲ್ಲವೇಕೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನೋಡಿ 2014ರಲ್ಲಿ ವರದಿ ಮಾಡಿದರು: ತುದಿಯಲ್ಲಿ ಗರಗಸದ ಹಲ್ಲುಗಳು, ಹಲ್ಲುಗಳಲ್ಲಿ ಸತು.

*

ರೇಷ್ಮೆಯವರ ಹತ್ತಿರ ಪರಾವಲಂಬಿಗಳನ್ನು ಹೊಗಳಬೇಡಿ. 1980ರಲ್ಲಿ ಕರ್ನಾಟಕಕ್ಕೆ ಬಂದ ಊಜಿ ನೊಣ ಕಣಜವಲ್ಲದಿದ್ದರೂ ಕಸುಬು ಅದೇ. ರೇಷ್ಮೆಹುಳುವಿನ ಮೇಲೆ ಬಿಳಿ ಚುಕ್ಕೆಯಂಥ ಮೊಟ್ಟೆ, ಮರಿ ಒಳಹೊಕ್ಕ ಕಡೆ ಕಪ್ಪು ಕಲೆ, ಕೊನೆಗೆ ಗೂಡಿಗೆ ತೂತು. ತೂತಾದ ಗೂಡಿನಿಂದ ನೂಲು ಬಿಚ್ಚುವುದಿಲ್ಲ. ಊಜಿಯ ಮೇಲೆ ಬಿಡುವುದು ನೆಸೊಲಿಂಕ್ಸ್ ಥೈಮಸ್ ಎಂಬ ಕಣಜ. ಊಜಿಯ ಕೋಶವನ್ನು ಹುಡುಕಿ ಒಳಗೆ ಮೊಟ್ಟೆಯಿಡುತ್ತದೆ. ಮಿತ್ರಕೀಟ, ಶತ್ರುಕೀಟ ಎಂಬ ವರ್ಗೀಕರಣ ನಮ್ಮದು, ನಮ್ಮ ಜೇಬಿನದು. ಹಾಗೆಂದು ಅದು ತಪ್ಪು ಎನ್ನಲಾರೆ. 2010ರಲ್ಲಿ ಪಪ್ಪಾಯಿ, ಹಿಪ್ಪುನೇರಳೆಗಳನ್ನು ಹಿಟ್ಟು ತಿಗಣೆ ಮುತ್ತಿದಾಗ ಪೋರ್ಟೊ ರಿಕೊದಿಂದ ಬೆಂಗಳೂರಿಗೆ ತರಿಸಿ, ಬೆಳೆಸಿ ಬಿಟ್ಟ ಅಸೆರೊಫೇಗಸ್ ಪಪಾಯೇ ಕಣಜ ತೋಟಗಳನ್ನು ಉಳಿಸಿತು.

*

2016ರಲ್ಲಿ ಪೊಳ್ಳಾಚಿಯಲ್ಲಿ ಕಂಡ ಸುರುಳಿ ಬಿಳಿನೊಣ ನಮ್ಮ ತೆಂಗಿಗೂ ಹಬ್ಬಿತು. ಗರಿಯ ಅಡಿ ಬಿಳಿ ಮೇಣದ ಸುರುಳಿ, ಕೆಳಗಿನ ಗರಿಗಳ ಮೇಲೆ ಕಪ್ಪು ಬೂಸ್ಟು. ನೋಡಿದವರು ಮೊದಲು ತೆಗೆಯುವುದು ಔಷಧಿ ಪಂಪು. ಸ್ವಲ್ಪ ತಾಳಿ. ಒಂದು ಭೂತಗನ್ನಡಿ ತನ್ನಿ. ಗರಿಯ ಅಡಿ ಖಾಲಿ ಬಿದ್ದ ಕೋಶಗಳನ್ನು ನೋಡಿ. ಬಿಳಿನೊಣ ಹೊರಬಂದಿದ್ದರೆ ಬೆನ್ನಿನ ಮೇಲೆ ಇಂಗ್ಲಿಷಿನ ಟಿ ಅಕ್ಷರದಂತೆ ಸೀಳಿರುತ್ತದೆ. ಎನ್‌ಕಾರ್ಸಿಯಾ ಗ್ವಾಡೆಲೂಪೇ ಕಣಜ ಹೊರಬಂದಿದ್ದರೆ ಕೊರೆದಂತೆ ದುಂಡು ತೂತು. ದುಂಡು ತೂತುಗಳು ಕಂಡರೆ ವಿಷ ಹೊಡೆಯಬೇಡಿ. ಹೊಡೆದರೆ ಮೊದಲು ಸಾಯುವುದು ನಿಮ್ಮ ಕಡೆಯವರೇ.