ಕರುಣಾನೌಕೆಯ ಜೀರ್ಣೋದ್ಧಾರ

ಮುರಿದುದನ್ನು ಊರಿನಲ್ಲಿದ್ದು ಸರಿಪಡಿಸುವುದು ಒಂದು ಬಗೆ. ಬಡಗಿಯೂ ಕಮ್ಮಾರನೂ ಅಂಗಡಿಯೂ ಇಲ್ಲದೆಡೆಯಲ್ಲಿ ಸರಿಪಡಿಸುವುದು ಮತ್ತೊಂದು ಬಗೆ. ಈ ಎರಡನೆಯದಕ್ಕೆ ಸೇರಿದ ಒಂದು ವೃತ್ತಾಂತವನ್ನು ಈಚೆಗೆ ಓದಿದೆವು. ಕಡಲನ್ನು ನಾವು ದಡದಲ್ಲಿ ನಿಂತು ನೋಡಿದವರೇ ಹೊರತು ಅದರ ಮೇಲೆ ಸಂಚರಿಸಿದವರಲ್ಲ. ಆದರೂ ಇದನ್ನು ಬರೆಯುವುದಕ್ಕೆ ನಮಗೊಂದು ಕಾರಣವುಂಟು; ಮುಂದೆ ಹೇಳುವೆವು.

ನಾವೆಯ ಹೆಸರು ತ್ಸು ಹಾಂಗ್. 1938ರಲ್ಲಿ ಹಾಂಗ್‌ಕಾಂಗಿನಲ್ಲಿ ಕಟ್ಟಿದುದು. ಎರಡು ಕೂವೆಕಂಬಗಳು, 46 ಅಡಿ ಉದ್ದ. ಚೀನೀ ಭಾಷೆಯಲ್ಲಿ ಆ ಹೆಸರಿಗೆ ಕರುಣಾನೌಕೆಯೆಂದು ಅರ್ಥ. ದುಃಖಸಾಗರದಲ್ಲಿ ಮುಳುಗುವವರನ್ನು ದಾಟಿಸುವ ಕ್ವಾನ್ ಯಿನ್ ದೇವಿಯ ನಾವೆ. ಆ ದೇವಿಯಾದರೋ ನಮ್ಮ ಬೌದ್ಧರ ಅವಲೋಕಿತೇಶ್ವರನು ಚೀನದಲ್ಲಿ ತಾಳಿದ ಸ್ತ್ರೀರೂಪ. ನಾವೆಯ ಒಡೆಯ ಮೈಲ್ಸ್ ಸ್ಮೀಟನ್ ಹಿಂದೆ ಭಾರತದ ಸೈನ್ಯದಲ್ಲಿದ್ದವನು. ಅವನ ಪತ್ನಿ ಬೆರಿಲ್ ಸಾಮಾನ್ಯಳಲ್ಲ. 1939ರಲ್ಲಿ ಈ ದಂಪತಿಗಳು ಹಿಂದೂಕುಶದ ತಿರಿಚ್ ಮೀರ್ ಪರ್ವತವನ್ನು ಏರಹೊರಟಾಗ ಜೊತೆಗಿದ್ದವನು, ಮುಂದೆ ಎವರೆಸ್ಟನ್ನು ಹತ್ತಿದ ತೇನಸಿಂಗನೇ.

ಇವರ ಮಗಳು ಇಂಗ್ಲೆಂಡಿನಲ್ಲಿ ಓದುತ್ತಿದ್ದಳು. ಅವಳಿದ್ದಲ್ಲಿಗೆ ಹಾರ್ನ್ ಭೂಶಿರವನ್ನು ಬಳಸಿಕೊಂಡು ಹೋಗಬೇಕೆಂದು 1956ರ ಡಿಸೆಂಬರ್ ಕೊನೆಯಲ್ಲಿ ಮೆಲ್ಬರ್ನಿನಿಂದ ಹೊರಟರು. ಜೊತೆಗೆ ಜಾನ್ ಗಜ್‌ವೆಲ್ ಎಂಬ ತರುಣ, ಮರಗೆಲಸ ಬಲ್ಲವನು. ಮತ್ತೊಂದು ಸಯಾಮಿ ಬೆಕ್ಕು.

1957ರ ಫೆಬ್ರವರಿ 14ರಂದು, ಭೂಶಿರ ಇನ್ನೂ ಸಾವಿರ ಮೈಲಿಯಷ್ಟು ದೂರವಿರುವಾಗ, ಚುಕ್ಕಾಣಿ ಹಿಡಿದಿದ್ದ ಬೆರಿಲಳ ಹಿಂದೆ ಗೋಡೆಯಂತಹ ಅಲೆಯೊಂದು ಎದ್ದಿತು. ನಾವೆಯು ಮೂಗು ಮುಂದಾಗಿ ನೀರಿನೊಳಕ್ಕೆ ಹೊಕ್ಕು ತಲೆಕೆಳಗಾಗಿ ಮಗುಚಿ, ದೈವಯೋಗದಿಂದ ಮತ್ತೆ ನೆಟ್ಟಗಾಯಿತು. ಆದರೆ ಎರಡು ಕೂವೆಕಂಬಗಳೂ ಇಲ್ಲ, ಚುಕ್ಕಾಣಿಯಿಲ್ಲ, ಮೇಲಿನ ಮಾಡು ಕಿತ್ತುಹೋಗಿ ಅಲ್ಲೊಂದು ಹೆಗ್ಗಂಡಿ, ಒಳಗೆಲ್ಲ ನೀರು. ಬೆರಿಲ್ ದೂರದಲ್ಲಿ ಕಡಲಿನಲ್ಲಿ ತೇಲುತ್ತಿದ್ದಳು. ಕಟ್ಟಿಕೊಂಡಿದ್ದ ಹಗ್ಗ ಹರಿದಿತ್ತು. ಭುಜಕ್ಕೆ ಪೆಟ್ಟು ಬಿದ್ದಿದ್ದರೂ ಮುರಿದ ಕಂಬದವರೆಗೆ ಈಜಿ ಬಂದಳು. ಗಂಡಸರಿಬ್ಬರೂ ಮೇಲಕ್ಕೆ ಎಳೆದುಕೊಂಡರು. ಪತಿಯು ಎಲ್ಲ ಮುಗಿಯಿತೆಂದುಕೊಂಡು ನಿಂತಿರುವಾಗ ಆಕೆ ಮಾಡಿದ ಮೊದಲ ಕೆಲಸವೆಂದರೆ ನೀರು ಮೊಗೆಯಲು ಬಕೆಟ್ಟುಗಳನ್ನು ಹುಡುಕಹೋದುದು! ಇದನ್ನು ಓದಿ ಹೇಳಿದಾಗ ನಮ್ಮ ಗೃಹಿಣಿ, "ಮತ್ತೇನು ಮಾಡುತ್ತಾಳೆ? ಮನೆಯೊಳಗೆ ನೀರು ಬಂದರೆ ಹೆಂಗಸು ನೋಡುತ್ತ ನಿಲ್ಲುತ್ತಾಳೆಯೇ?" ಎಂದರು.

ಇನ್ನು ದುರಸ್ತಿಯ ಮಾತು. ಗಂಡಿ ಮುಚ್ಚದೆ ಎಷ್ಟು ಮೊಗೆದರೂ ಫಲವಿಲ್ಲ. ಇನ್ನೊಂದು ಅಲೆ ಬಂದರೆ ತೀರಿತು. ಗಜ್‌ವೆಲ್ ಕೈಗೆ ಸಿಕ್ಕಿದ ಹಲಗೆಗಳನ್ನು ಅಡ್ಡಹಾಯಿಸಿ ಮೊಳೆ ಹೊಡೆದು ಮೇಲೆ ಹಾಯಿಬಟ್ಟೆಯನ್ನು ಬಿಗಿದನು. ಆ ಬಳಿಕ ಮೂವರೂ ಸೇರಿ ನೀರನ್ನು ಹೊರಹಾಕಿದರು. ಮುಂದಿನ ದಿನಗಳಲ್ಲಿ ಅವನು ನಾವೆಯ ಒಳಗಿನ ಮರವನ್ನೇ ಬಿಚ್ಚಿ, ಪಟ್ಟಿಗಳನ್ನು ಜೋಡಿಸಿ, ಪೊಳ್ಳು ಪೆಟ್ಟಿಗೆಯಂತೆ ಒಂದು ಕೂವೆಕಂಬವನ್ನು ನಿರ್ಮಿಸಿದನು. ಪೊಳ್ಳೇಕೆಂದರೆ, ಮರ ಸ್ವಲ್ಪವೇ ಸಾಕು, ಹಗುರ. ಆದರೂ ಬಿದಿರಿನಂತೆ ಬಾಗುವುದನ್ನು ತಡೆಯುವ ಬಲವುಂಟು. ಚುಕ್ಕಾಣಿಗೆ ಬದಲು ಉದ್ದನೆಯ ಹುಟ್ಟು. ಹೀಗೆ ಸುಮಾರು ಐದು ವಾರ ನಡೆಯಿಸಿ ಚಿಲಿ ದೇಶದ ಕೊರೊನೆಲ್ ಬಂದರನ್ನು ಸೇರಿದರು.

ಈಗ ನಮ್ಮ ಕಾರಣ. ದಿವಂಗತನಾದ ನಮ್ಮ ತಮ್ಮನ ಮಗ ನಮ್ಮಲ್ಲಿಯೇ ಬೆಳೆದವನು. ವಾಣಿಜ್ಯಶಾಸ್ತ್ರದಲ್ಲಿ ಪದವೀಧರ. ಆತನೀಗ ಮಲ್ಪೆಯಲ್ಲಿ ದೋಣಿ ಕಟ್ಟುವವರ ಬಳಿ ಕೆಲಸ ಕಲಿಯುವೆನೆನ್ನುತ್ತಾನೆ. ಬಂಧುಗಳಿಗೆ ಇದು ಕುಲಗೌರವದ ಪ್ರಶ್ನೆ. ಓದಿಸಿ ಬರಿಗೈಯಾದೆವೆಂದು ನಮ್ಮೆದುರೇ ಮರುಗಿದವರುಂಟು. ಒಪ್ಪಿಗೆ ಕೊಡಬೇಕಾದವರು ನಾವು. ವೇದದ ಋಷಿಗಳು ತಮ್ಮ ಸೂಕ್ತರಚನೆಯನ್ನು ಬಡಗಿಯು ರಥವನ್ನು ಕೆತ್ತುವುದಕ್ಕೆ ಹೋಲಿಸಿಕೊಂಡು, ಅದೇ ಧಾತುವನ್ನು ಬಳಸಿದ್ದಾರೆಂಬುದನ್ನು ಬಂಧುಗಳಿಗೆ ಹೇಳಿ ನೋಡಿದೆವು. ಅವರು ಶಾಸ್ತ್ರಕ್ಕೆ ತಲೆದೂಗಿದರು. ಹುಡುಗನ ವಿಷಯದಲ್ಲಿ ಕದಲಲಿಲ್ಲ. ಆಗ ಆ ಹುಡುಗನೇ ತಂದುಕೊಟ್ಟ ಪುಸ್ತಕವಿದು. ಸ್ಮೀಟನ್ ಬರೆದು 1959ರಲ್ಲಿ ಪ್ರಕಟವಾದುದು. ಹೆಸರಿನ ಅರ್ಥ "ಒಮ್ಮೆಯೇ ಸಾಕು" ಎಂದು.

ಹೆಸರು ಹಾಗಿದ್ದರೂ ಅವರಿಗೆ ಒಮ್ಮೆ ಸಾಲದೆ ಹೋಯಿತು. ಚಿಲಿಯ ನೌಕಾಸೇನೆಯ ತಾಲ್ಕವಾನೊ ನೆಲೆಯಲ್ಲಿ ನಾವೆ ಮರಳಿ ಸಿದ್ಧವಾಯಿತು. ಗಜ್‌ವೆಲ್ ತಾನೇ ಕಟ್ಟಿದ್ದ ಇಪ್ಪತ್ತಡಿಯ ಸಣ್ಣ ದೋಣಿಗೆ ಹಿಂದಿರುಗಿದನು. 1959ರಲ್ಲಿ ಅದರಲ್ಲಿಯೇ ಒಬ್ಬಂಟಿಯಾಗಿ ಭೂಪ್ರದಕ್ಷಿಣೆಯನ್ನು ಮುಗಿಸಿದನು. ದಂಪತಿಗಳಿಬ್ಬರೇ 1957ರ ಡಿಸೆಂಬರಿನಲ್ಲಿ ಪುನಃ ಭೂಶಿರದತ್ತ ಹೊರಟರು. 26ರಂದು ಬಿರುಗಾಳಿಯಲ್ಲಿ ನಾವೆ ಮತ್ತೊಮ್ಮೆ ಉರುಳಿ ಕಂಬಗಳೆರಡೂ ಹೋದವು. ಈ ಸಲ ಬಡಗಿಯಿರಲಿಲ್ಲ. ಆದರೆ ಅವನು ಮಾಡಿದುದನ್ನು ನೋಡಿದ್ದ ಕಣ್ಣುಗಳಿದ್ದುವು. ತಾವೇ ಕಂಬ ನಿಲ್ಲಿಸಿಕೊಂಡು ವಾಲ್ಪರೈಸೊ ತಲಪಿದರು. ಅಲ್ಲಿಂದ ನಾವೆಯು ಹಡಗೇರಿ ಇಂಗ್ಲೆಂಡಿಗೆ ಹೋಯಿತು. ಎರಡನೆಯ ಪ್ರಯತ್ನ ಸಾಹಸವೋ ಹಟವೋ? ಮಗಳು ಕಾದಿರುವಾಗ ಹಟವೆಂದೇ ನಮ್ಮ ಅಭಿಪ್ರಾಯ. ಹುಡುಗನು ಇದನ್ನು ಒಪ್ಪುವುದಿಲ್ಲ.

ಅವನಿಗೆ ಒಪ್ಪಿಗೆ ಕೊಟ್ಟಾಯಿತು. ಬರುವ ಸೋಮವಾರ ಹೊರಡುತ್ತಾನೆ. ಬೆಕ್ಕು ಏನಾಯಿತೆಂದು ಗೃಹಿಣಿಯು ಕೇಳಿದರು. ಎರಡು ಸಲವೂ ಬದುಕಿತು. ಆ ದಂಪತಿಗಳು 1968ರಲ್ಲಿ ಮೂರನೆಯ ಸಲ ಯತ್ನಿಸಿ, ಈ ಬಾರಿ ಪೂರ್ವದಿಂದ ಪಶ್ಚಿಮಕ್ಕೆ, ಅದೇ ನಾವೆಯಲ್ಲಿ ಹಾರ್ನ್ ಭೂಶಿರವನ್ನು ದಾಟಿದರೆಂದೂ, ಆಗ ಇಬ್ಬರಿಗೂ ಅರವತ್ತು ಮೀರಿತ್ತೆಂದೂ ತಿಳಿಸಿದೆವು. ಆಕೆ ನಮ್ಮನ್ನೊಮ್ಮೆ ನೋಡಿ, ಹಿತ್ತಲಿನ ಬಾಗಿಲಿನ ಕೀಲು ಸಡಿಲವಾಗಿ ಎರಡು ತಿಂಗಳಾಯಿತೆಂದು ಮಾತ್ರ ಹೇಳಿದರು.