ಮರದ ಗುಬುಟು

ಮನೆಯೊಳಗಿನ ವಸ್ತುಗಳಲ್ಲಿ ದಿನಕ್ಕೆ ಹತ್ತಾರು ಸಲ ಕೈಗೆ ಸೋಕಿಯೂ ವರ್ಷಕ್ಕೊಮ್ಮೆಯಾದರೂ ಕಣ್ಣಿಗೆ ಬೀಳದಿರುವುದು ಯಾವುದೆಂದು ವಿಚಾರಿಸಿದರೆ, ಮೇಜಿನ ಖಾನೆಗೆ ಹಚ್ಚಿದ ಗುಬುಟೆಂದೇ ಹೇಳಬೇಕಾಗುವುದು. ಖಾನೆಯೊಳಗೆ ಏನಿದೆಯೆಂಬುದನ್ನು ಮನೆಮಂದಿಯೆಲ್ಲರೂ ಬಲ್ಲರು: ಹಳೆಯ ಪತ್ರಗಳು, ಕನ್ನಡಕ, ಮಕ್ಕಳ ಜಾತಕಗಳು, ಬೀಗದ ಕೈ. ಆದರೆ ಆ ಖಾನೆಯನ್ನು ಎಳೆಯುವ ಗುಬುಟು ದುಂಡಗಿದೆಯೋ ಚಪ್ಪಟೆಯಾಗಿದೆಯೋ ಎಂದು ಕೇಳಿದರೆ ಮನೆಯ ಯಜಮಾನನೂ ತಡವರಿಸುವನು. ಅದು ಕಳಚಿ ಬಿದ್ದ ದಿನವೇ ಅದರ ಇರವು ತಿಳಿಯತಕ್ಕದ್ದು. ಅಂದು ಸಂದಿಗೆ ಉಗುರು ತೂರಿಸಿ, ಚಾಕುವಿನ ಮೊನೆಯಿಂದ ಮೀಟಿ, ಕೊನೆಗೆ ಮೇಜನ್ನೇ ಬಗ್ಗಿಸಿ ಅಲುಗಿಸುವ ಪ್ರಸಂಗ ಬರುವುದು. ಅಲ್ಪವಾದುದರ ಅಭಾವವು ಅಲ್ಪವಾಗಿರುವುದಿಲ್ಲ.

ಈ ಗುಬುಟನ್ನು ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಕಡೆಯುವುದೆಂದು ಹೆಸರು; ಮಾಡುವ ಸಾಧನಕ್ಕೆ ಕಡಸಲೆಂದು ಹೆಸರು. ಮಜ್ಜಿಗೆಯನ್ನು ಕಡೆಯುವುದೂ ಇದೇ ಮಾತು. ಎರಡು ಕಟ್ಟಿಗೆಗಳನ್ನು ಉಜ್ಜಿ ಬೆಂಕಿಯನ್ನು ಹುಟ್ಟಿಸುವುದೂ ಇದೇ ಮಾತು. ಮೊಸರಿನಿಂದ ಬೆಣ್ಣೆ, ಅರಣಿಯಿಂದ ಅಗ್ನಿ, ಮರದ ತುಂಡಿನಿಂದ ಆಕಾರ: ಒಳಗೆ ಅಡಗಿರುವುದನ್ನು ತಿರುಗಿಸಿ ತಿರುಗಿಸಿ ಹೊರಗೆ ತರುವ ಮೂರು ಕೆಲಸಗಳನ್ನೂ ನಮ್ಮ ಹಿರಿಯರು ಒಂದೇ ಧಾತುವಿನಲ್ಲಿ ಕಟ್ಟಿಟ್ಟರು. ಸಂಸ್ಕೃತದಲ್ಲಿ ಈ ಯಂತ್ರಕ್ಕೆ ಭ್ರಮ, ಭ್ರಮಿ ಎಂಬ ಹೆಸರುಗಳುಂಟು. ಸೂರ್ಯನ ತೇಜಸ್ಸನ್ನು ತಾಳಲಾರದೆ ಆತನ ಪತ್ನಿಯಾದ ಸಂಜ್ಞೆಯು ಮನೆಯನ್ನು ಬಿಟ್ಟುಹೋದಳೆಂದೂ, ಆಕೆಯ ತಂದೆಯಾದ ವಿಶ್ವಕರ್ಮನು ಅಳಿಯನನ್ನು ಭ್ರಮಿಯ ಮೇಲೇರಿಸಿ ಆತನ ತೇಜಸ್ಸಿನ ಎಂಟನೆಯ ಒಂದು ಭಾಗವನ್ನು ಕೆತ್ತಿ ತೆಗೆದನೆಂದೂ ವಿಷ್ಣುಪುರಾಣದಲ್ಲಿ ಕಥೆಯಿದೆ. ಕಾಳಿದಾಸನು ರಘುವಂಶದ ಆರನೆಯ ಸರ್ಗದಲ್ಲಿ ಅವಂತಿಯ ರಾಜನನ್ನು ವರ್ಣಿಸುವಾಗ ಇದೇ ಕಥೆಯನ್ನು ಉಪಮಾನವಾಗಿ ತಂದಿರುವನು. ಕಥೆಯ ಮುಂದಿನ ಭಾಗವು ಇಲ್ಲಿ ಇನ್ನೂ ಪ್ರಕೃತವಾದುದು. ಕೆತ್ತಿದಾಗ ಕೆಳಗೆ ಬಿದ್ದ ಚೂರುಗಳನ್ನು ವಿಶ್ವಕರ್ಮನು ಗುಡಿಸಿ ಎಸೆಯಲಿಲ್ಲ. ಅವುಗಳಿಂದಲೇ ವಿಷ್ಣುವಿನ ಚಕ್ರವನ್ನೂ, ಶಿವನ ತ್ರಿಶೂಲವನ್ನೂ, ಕುಬೇರನ ಶಿಬಿಕೆಯನ್ನೂ, ಗುಹನ ಶಕ್ತ್ಯಾಯುಧವನ್ನೂ ಮಾಡಿದನು. ದೇವಶಿಲ್ಪಿಗೂ ಉಳಿಕೆಯ ತುಂಡು ಕಸವಾಗಿ ತೋರಲಿಲ್ಲವೆಂಬುದನ್ನು ಬಡಗಿಯ ಮಕ್ಕಳು ನೆನಪಿನಲ್ಲಿಡಬೇಕು.

ನಮ್ಮ ನಾಡಿನಲ್ಲಿ ಕಡಸಲಿನ ಕೆಲಸವೆಂದೊಡನೆ ಚನ್ನಪಟ್ಟಣವು ನೆನಪಿಗೆ ಬರುವುದು ಸಹಜ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಸುಮಾರು 60 ಕಿಲೋಮೀಟರು ದೂರದಲ್ಲಿರುವ ಈ ಊರಿನ ಬೊಂಬೆಗಳನ್ನು ಆಡದ ಮಕ್ಕಳು ವಿರಳ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಿಗರು ಬಂದು ಈ ವಿದ್ಯೆಯನ್ನು ಕಲಿಸಿದರೆಂಬುದು ಅಲ್ಲಿಯ ಪ್ರತೀತಿ. ಆ ಕಸುಬಿಗೆ ಒಗ್ಗಿದ ಮರವು ಹಾಲೆ. ಕೊಯ್ದರೆ ಹಾಲು ಸುರಿಸುವ ಈ ಮರದ ತಿರುಳು ಬೆಳ್ಳಗೆ, ನಯವಾಗಿ, ಎಳೆ ನೇರವಾಗಿರುವುದು. ಹಿಂದೆ ಕುಶಲಿಗನು ನೆಲದ ಮೇಲೆ ಕುಳಿತು, ಒಂದು ಕೈಯಿಂದ ಬಿಲ್ಲಿನಂತಹ ಕೋಲಿನ ಹುರಿಯನ್ನೆಳೆದು ಮರವನ್ನು ತಿರುಗಿಸುತ್ತ, ಇನ್ನೊಂದು ಕೈಯಿಂದ ಉಳಿಯನ್ನು ಹಿಡಿದು, ಕಾಲ ಬೆರಳಿನಿಂದ ಅದಕ್ಕೆ ಆಸರೆ ಕೊಡುತ್ತಿದ್ದನು. ಹಾಗೆ ಎಳೆದಾಗ ಮರವು ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ತಿರುಗುವುದರಿಂದ, ಮುಂದಕ್ಕೆ ಬರುವಾಗ ಮಾತ್ರ ಉಳಿಯನ್ನು ತಾಗಿಸಿ ಹಿಂದಕ್ಕೆ ಹೋಗುವಾಗ ಸಡಿಲಿಸಬೇಕು. ಈಗ ಬಹುಮಟ್ಟಿಗೆ ವಿದ್ಯುತ್ತಿನ ಮೋಟಾರು ಆ ತೋಳಿನ ಕೆಲಸವನ್ನು ವಹಿಸಿಕೊಂಡಿದೆ. ಉಳಿ ಹಿಡಿದ ಕೈಯ ಕೆಲಸವನ್ನು ವಹಿಸಿಕೊಂಡಿಲ್ಲ.

ಗುಬುಟಿಗೆ ಹೊಸ ಮರವನ್ನು ಕೊಯ್ಯಬೇಕಾದುದಿಲ್ಲ. ಒಂದೂವರೆ ಅಂಗುಲ ದಪ್ಪ, ಎರಡಂಗುಲ ಉದ್ದದ ತುಂಡು ಸಾಕು. ಬಡಗಿಯ ಅಂಗಡಿಯಲ್ಲಿ ಕುರ್ಚಿಗೂ ಕಿಟಕಿಗೂ ಆಗದೆ ಒಲೆಯ ಪಾಲಾಗತಕ್ಕ ಸಾಗುವಾನಿ, ಹೊನ್ನೆ, ಬೀಟೆ, ಹಲಸುಗಳ ತುದಿಗಳಲ್ಲಿ ನೂರಾರು ಗುಬುಟುಗಳು ಮಲಗಿರುತ್ತವೆ. ಆದರೆ ಆಯುವ ಕಣ್ಣು ಬೇಕು. ಹಸಿಯ ತುಂಡು ಕೂಡದು. ಮರವು ಒಣಗುವಾಗ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲವಾದುದರಿಂದ, ಇಂದು ದುಂಡಾಗಿ ಕಡೆದುದು ಆರು ತಿಂಗಳಿಗೆ ಮೊಟ್ಟೆಯಂತಾಗುವುದು. ಬಿರುಕಿದ್ದರೆ ವೇಗವಾಗಿ ತಿರುಗುವಾಗ ಸಿಡಿದು ಮುಖಕ್ಕೆ ಬಡಿಯಬಹುದು. ಹಳೆಯ ಮರದೊಳಗೆ ಮುರಿದ ಮೊಳೆಯಿದ್ದರೆ ಉಳಿಯ ಬಾಯಿ ಹೋಯಿತೆಂದೇ ತಿಳಿಯಬೇಕು. ಎಲ್ಲಕ್ಕಿಂತ ಮುಖ್ಯವಾದುದು ಎಳೆಯ ದಿಕ್ಕು. ಗುಬುಟಿನ ಹಿಂದೆ ಹಲಗೆಯ ತೂತಿನೊಳಗೆ ಸೇರುವ ಸಣ್ಣ ಗೂಟವಿರುವುದಷ್ಟೆ. ಮರದ ಎಳೆಯು ಆ ಗೂಟದ ಉದ್ದಕ್ಕೆ ಹರಿದರೆ ಎಷ್ಟೆಳೆದರೂ ಮುರಿಯದು, ಅಡ್ಡವಾಗಿ ಹರಿದರೆ ಮಗುವಿನ ಕೈಗೂ ಮುರಿಯುವುದು.

ಗೂಟವಿಲ್ಲದೆ ತಿರುಪುಮೊಳೆಯಿಂದ ಹಚ್ಚುವ ಗುಬುಟುಗಳೂ ಉಂಟು. ಅವುಗಳ ಕ್ರಮವು ಇನ್ನೂ ಸ್ವಾರಸ್ಯವಾದುದು. ಮೊದಲು ತುಂಡಿನ ನಡುವೆ ಒಂದು ತೂತು ಕೊರೆದು, ಕಡಸಲಿನ ಮುಖದಲ್ಲಿ ಚಾಚಿಕೊಂಡಿರುವ ತಿರುಪಿಗೆ ಅದನ್ನು ಬಿಗಿಯುವರು. ಆ ತೂತಿನ ಹಿಡಿತದಲ್ಲಿಯೇ ಅದು ತಿರುಗಿ ರೂಪವನ್ನು ಪಡೆಯುವುದು. ಕೆಲಸ ಮುಗಿದ ಮೇಲೆ ಖಾನೆಯ ತಿರುಪುಮೊಳೆಯೂ ಅದೇ ತೂತನ್ನು ಹೊಗುವುದು. ಬೆಳೆಯುವಾಗ ಹಿಡಿದಿಟ್ಟುದೇ ಬಾಳುವಾಗಲೂ ಹಿಡಿದಿಡುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಕ್ಕುವುದು ಕಷ್ಟ.

ಮೊದಲು ದುಂಡು ಬಾಯಿಯ ಉಳಿಯಿಂದ ತುಂಡಿನ ಮೂಲೆಗಳನ್ನು ಕಳೆಯುವರು. ಆಗ ಟಕಟಕನೆ ಬಡಿದುಕೊಳ್ಳುವ ಸದ್ದು ಕ್ರಮೇಣ ಒಂದೇ ಸಮನಾದ ಗುಂಯ್‌ಗುಡುವಿಕೆಯಾಗಿ ಮಾರ್ಪಡುವುದು. ತುಂಡು ದುಂಡಾಯಿತೆಂದು ಕಿವಿಯೇ ಹೇಳುವುದು. ಬಳಿಕ ಕೊರಳನ್ನು ಇಳಿಸುವ ಕೆಲಸ. ಉಳಿಯು ಯಾವಾಗಲೂ ಉಬ್ಬಿನಿಂದ ತಗ್ಗಿಗೆ ಇಳಿಯಬೇಕು. ತಗ್ಗಿನಿಂದ ಉಬ್ಬಿಗೆ ಹತ್ತಿದರೆ ಎಳೆಗಳು ಹಿಂದಿನ ಆಸರೆಯಿಲ್ಲದೆ ಕಿತ್ತುಬರುವುವು. ಕೊರಳು ತೀರ ಸಣ್ಣದಾದರೆ ಬಲ ಕುಂದುವುದು, ದಪ್ಪವಾದರೆ ಬೆರಳಿಗೆ ಹಿಡಿತ ಸಿಕ್ಕದು. ಅದು ಕಣ್ಣಿನ ವಿಷಯವಲ್ಲ, ಬೆರಳಿನ ವಿಷಯ. ಆದುದರಿಂದ ಬಲ್ಲವರು ಯಂತ್ರವನ್ನು ನಿಲ್ಲಿಸಿ, ಕಣ್ಣು ಮುಚ್ಚಿ, ಎರಡು ಬೆರಳಿನಿಂದ ಹಿಡಿದು ನೋಡುವರು. ಅಂಗಿಯ ತೋಳನ್ನಾಗಲಿ ಪಂಚೆಯ ಸೆರಗನ್ನಾಗಲಿ ಸಡಿಲ ಬಿಟ್ಟವನಿಗೆ ಯಂತ್ರವು ಎರಡನೆಯ ಪಾಠವನ್ನು ಹೇಳುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯು ಇಲ್ಲಿಯೂ ಸಲ್ಲುವುದು.

ಬಣ್ಣದ ಕೆಲಸವು ನೋಡಲು ಚೆಲುವಾದುದು. ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿಹಿಡಿದರೆ, ಉಜ್ಜಾಟದ ಬಿಸಿಗೆ ಅರಗು ತಾನೇ ಕರಗಿ ಮೈಗೆ ಅಂಟಿಕೊಳ್ಳುವುದು. ಮುತ್ತುಗ ಮೊದಲಾದ ಮರಗಳ ಕೊಂಬೆಗಳ ಮೇಲೆ ಸಣ್ಣ ಕೀಟಗಳು ಸ್ರವಿಸಿದ ಅಂಟೇ ಈ ಅರಗು. ಪಾಂಡವರಿಗೆ ಮನೆಯಾಗಿ ಕಟ್ಟಿಸಿದ ಲಾಕ್ಷೆಯೂ ಇದೇ. ಅರಸಿನದಿಂದ ಹಳದಿ, ನೀಲಿಯ ಗಿಡದಿಂದ ನೀಲಿ, ಹೀಗೆ ಗಿಡಮೂಲದ ಬಣ್ಣಗಳನ್ನು ಅದರಲ್ಲಿ ಬೆರೆಸುವುದುಂಟು. ಕೊನೆಗೆ ತಾಳೆಗರಿಯಿಂದ, ಎಂದರೆ ಕೇದಗೆಯ ಗರಿಯಿಂದ, ಒತ್ತಿ ಉಜ್ಜಿದರೆ ಅರಗು ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುವುದು.

ಒಂದು ಗುಬುಟನ್ನು ಕಡೆಯುವುದು ದೊಡ್ಡ ವಿದ್ಯೆಯಲ್ಲ. ಒಂದರಂತೆ ಇನ್ನೊಂದನ್ನು ಕಡೆಯುವುದೇ ವಿದ್ಯೆ. ಮೇಜಿಗೆ ಖಾನೆಗಳು ನಾಲ್ಕಿದ್ದರೆ ಗುಬುಟುಗಳೂ ನಾಲ್ಕು. ಪಕ್ಕಪಕ್ಕದಲ್ಲಿ ಕುಳಿತಾಗ ಒಂದು ಕೂದಲೆಳೆಯ ವ್ಯತ್ಯಾಸವೂ ಎದ್ದು ತೋರುವುದು. ಕಲಿಯುವ ಹುಡುಗನು ಅಳತೆಯ ಕಡ್ಡಿಯಲ್ಲಿ ಗುರುತು ಹಾಕಿಕೊಂಡು ಮತ್ತೆ ಮತ್ತೆ ಹಿಡಿದು ನೋಡುವನು. ಪಳಗಿದವನ ಕಡ್ಡಿಯು ಕೈಯೊಳಗೇ ಇರುವುದು.

ಹಳೆಯ ಮನೆಯೊಂದನ್ನು ಕೆಡವಿ ಪಾಲು ಮಾಡಿಕೊಂಡಾಗ ನಡೆದ ಸಂಗತಿಯನ್ನು ಇಲ್ಲಿ ಹೇಳಬಹುದು. ನಾಲ್ವರು ತಮ್ಮಂದಿರು, ಒಬ್ಬಳು ಅಕ್ಕ. ನೆಲ, ಹಿತ್ತಾಳೆಯ ಪಾತ್ರೆ, ತಲೆಬಾಗಿಲು, ಕಂಬಗಳು ಎಲ್ಲವೂ ಹಂಚಿಹೋದುವು. ಹಂಚುವಾಗ ಆಡಬಾರದ ಮಾತುಗಳೂ ಆಡಿಹೋದುವು. ಹಿತ್ತಿಲಲ್ಲಿ ಹಂಡೆಯ ಒಲೆಗೆಂದು ಇಟ್ಟಿದ್ದ ಸೌದೆಯಲ್ಲಿ ಐವರನ್ನೂ ತೂಗಿದ ಹಲಸಿನ ತೊಟ್ಟಿಲಿನ ಮುರಿದ ಕಾಲೊಂದು ಬಿದ್ದಿತ್ತು. ಅಕ್ಕನು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಕಡಸಲಿನ ವೃದ್ಧನೊಬ್ಬನ ಬಳಿಗೆ ಒಯ್ದಳು.

“ಮೇಸ್ತ್ರಿಗಳೇ, ಇದರಲ್ಲಿ ಐದು ಗುಬುಟು ಆದೀತೇ?”

ವೃದ್ಧನು ಅದನ್ನು ತಿರುಗಿಸಿ ನೋಡಿ, ಬೆರಳ ಗೆಣ್ಣಿನಿಂದ ತಟ್ಟಿ, “ನಾಲ್ಕು ಆಗುತ್ತೆ ತಾಯೀ. ಐದನೆಯದರಲ್ಲಿ ಸೀಳಿದೆ” ಎಂದನು.

“ಅರಗು ತುಂಬಿ ಮುಚ್ಚಲಾಗದೇ?”

“ಮುಚ್ಚಬಹುದು. ಕಣ್ಣಿಗೆ ಕಾಣಿಸದು. ಎಳೆದ ದಿನ ಕೈಗೆ ಬರುತ್ತೆ.”

ಹೊರಗೆ ಹೊಗೆ ಹಿಡಿದು ಕಂದಾಗಿದ್ದ ಆ ಹಲಸು ಉಳಿ ಸೋಕಿದೊಡನೆ ಒಳಗಿನ ಹೊನ್ನಿನ ಬಣ್ಣವನ್ನು ತೋರಿಸಿತು. ವೃದ್ಧನು ಬಣ್ಣ ಬೆರೆಸದ ಬರಿಯ ಅರಗನ್ನು ಹಚ್ಚಿ ನಾಲ್ಕನ್ನೇ ಮಾಡಿಕೊಟ್ಟನು. ಅಕ್ಕನು ಅವುಗಳನ್ನು ತಮ್ಮಂದಿರ ಮನೆಗಳಿಗೆ ಕಳುಹಿಸಿ, ಸೀಳಿನ ತುಂಡನ್ನು ತಾನಿಟ್ಟುಕೊಂಡಳು. ಮೂವರು ಅವುಗಳನ್ನು ಖಾನೆಗೆ ಹಚ್ಚಿಸಿಕೊಂಡರು. ನಾಲ್ಕನೆಯವನು ಕಾಗದದಲ್ಲಿ ಸುತ್ತಿದಂತೆಯೇ ಇಟ್ಟಿರುವನಂತೆ. ಎಸೆದಿಲ್ಲವೆಂಬುದೊಂದೇ ಅಕ್ಕನ ಸಮಾಧಾನ.

ಇಂತಹ ಕೈಗಳಿಗೆ ಈಗ ಕೆಲಸ ಕಡಮೆಯಾಗುತ್ತಿರುವುದು ಖೇದದ ವಿಷಯ. ಅಚ್ಚಿನಲ್ಲಿ ಎರಕವಾದ ಪ್ಲಾಸ್ಟಿಕ್ಕಿನ ಗುಬುಟುಗಳು ಒಂದರಂತೊಂದು ಬೀಳುತ್ತವೆ, ಅಗ್ಗವೂ ಹೌದು. ಚನ್ನಪಟ್ಟಣದ ಬೊಂಬೆಗಳಿಗೆ 1999ರ ಕಾಯಿದೆಯ ಮೇರೆಗೆ ಭೌಗೋಳಿಕ ಸೂಚಕದ ನೋಂದಣಿ ದೊರೆತು ಹೆಸರಿಗೇನೋ ರಕ್ಷಣೆಯುಂಟಾಗಿದೆ. ಹೆಸರಿನ ರಕ್ಷಣೆ ಕಾಯಿದೆಯಿಂದಾಗುವುದು; ಕೈಯ ರಕ್ಷಣೆ ಕೊಳ್ಳುವವರಿಂದಲೇ ಆಗಬೇಕು. ಮಗನು ದಿನವೆಲ್ಲ ಕಡೆದು ಗಳಿಸುವುದಕ್ಕಿಂತ ಕಾರ್ಖಾನೆಯ ಬಾಗಿಲು ಕಾಯ್ದರೆ ಹೆಚ್ಚು ಸಿಕ್ಕುವುದಾದರೆ, ಉಳಿಯನ್ನು ಹಿಡಿಯೆಂದು ಯಾವ ತಂದೆ ತಾನೆ ಬಲವಂತಪಡಿಸಿಯಾನು?

ಮನೆಗೆ ಹೊಸ ಮೇಜನ್ನು ಮಾಡಿಸುವವರು, ಹಳೆಯದನ್ನು ರಿಪೇರಿ ಮಾಡಿಸುವವರು, ಮಿಕ್ಕ ತುಂಡುಗಳನ್ನು ಒಲೆಗೆ ಹಾಕುವ ಮುನ್ನ ಒಮ್ಮೆ ಊರಿನಲ್ಲಿ ಕಡಸಲು ಎಲ್ಲಿದೆಯೆಂದು ಕೇಳಿಕೊಂಡರೆ ಸಾಕು. ಆ ಮೇಜಿನ ಮರದ ಗುಬುಟೇ ಆ ಮೇಜಿಗೆ ಕೂಡುವುದು. ಹೊಸದಾಗಿ ಹಚ್ಚಿದಾಗ ಅದು ಅರಗಿನಿಂದ ಹೊಳೆಯುವುದು. ಹತ್ತು ವರ್ಷ ಕಳೆದ ಮೇಲೆ ಅರಗು ಸವೆದು, ಮನೆಮಂದಿಯ ಬೆರಳುಗಳೇ ಕೊಟ್ಟ ಬೇರೊಂದು ಹೊಳಪು ಅದಕ್ಕೆ ಬರುವುದು. ಆ ಹೊಳಪನ್ನು ಯಾವ ಅಂಗಡಿಯಲ್ಲಿಯೂ ಹಚ್ಚಿಕೊಡುವುದಿಲ್ಲ.