ಕೆಟ್ಟವನ ಬಾಯಲ್ಲಿ ಒಳ್ಳೆಯ ಹಾಡು

ಅಮೆರಿಕದ ಗೀತರಚನಕಾರ ರ‍್ಯಾಂಡಿ ನ್ಯೂಮನ್ ಅವರಿಗೆ 2023ರ ನವೆಂಬರ್ 28ರಂದು 80 ತುಂಬಿತು. ಪಿಯಾನೊ ಮುಂದೆ ಕೂತು, ಈಗಷ್ಟೇ ನಿದ್ದೆಯಿಂದ ಎದ್ದವರ ಹಾಗೆ ಎಳೆದೆಳೆದು ಹಾಡುವ ಇವರ ಹಾಡುಗಳಲ್ಲಿ 'ನಾನು' ಎನ್ನುವವನು ಹೆಚ್ಚಿನಂಶ ನ್ಯೂಮನ್ ಅಲ್ಲ. ಜಂಬಗಾರ, ವರ್ಣದ್ವೇಷಿ, ಗುಲಾಮರ ವ್ಯಾಪಾರಿ, ಶತಮೂರ್ಖ, ಇಂಥವರನ್ನೆಲ್ಲ ಕರೆತಂದು ಅವರ ಬಾಯಿಂದಲೇ ಅವರ ಬಣ್ಣ ಬಯಲು ಮಾಡಿಸುವುದು ಇವರ ದಾರಿ. ತನ್ನ ಪ್ರೀತಿ, ತನ್ನ ನೋವು ಎಂದೇ ಹಾಡಿಕೊಂಡು ಬಂದ ಪಾಪ್ ಸಂಗೀತದಲ್ಲಿ ಈ ದಾರಿ ತುಳಿದವರು ವಿರಳ.

ನ್ಯೂಮನ್ ಹುಟ್ಟಿದ್ದು ಲಾಸ್ ಏಂಜಲಿಸ್‌ನಲ್ಲಿ, ಸಿನಿಮಾ ಸಂಗೀತದ ಮನೆತನದಲ್ಲಿ. ದೊಡ್ಡಪ್ಪ ಆಲ್ಫ್ರೆಡ್ ನ್ಯೂಮನ್ 9 ಆಸ್ಕರ್ ಗೆದ್ದವರು. ತಂದೆಯ ಇನ್ನಿಬ್ಬರು ಸಹೋದರರಾದ ಎಮಿಲ್, ಲಯನೆಲ್ ಕೂಡ ಹಾಲಿವುಡ್‌ನ ಸಂಗೀತಗಾರರೇ. ತಂದೆ ವೈದ್ಯರು. ತಾಯಿಯ ಊರು ನ್ಯೂ ಆರ್ಲಿಯನ್ಸ್ ಆದ್ದರಿಂದ ಬಾಲ್ಯದ ಬೇಸಿಗೆ ರಜೆಗಳು ಅಲ್ಲಿ ಕಳೆದವು. ಸ್ಟುಡಿಯೊದ ತುಂಬು ವಾದ್ಯಮೇಳ ಒಂದು ಕಡೆ, ದಕ್ಷಿಣದ ಪಿಯಾನೊದ ತೂಗಾಟ ಇನ್ನೊಂದು ಕಡೆ. ಎರಡೂ ಇವರ ಹಾಡಿನಲ್ಲಿ ಬೆರೆತಿವೆ.

1972ರ 'ಸೇಲ್ ಅವೇ' ಇವರ ಶ್ರೇಷ್ಠ ರಚನೆ. ಗುಲಾಮರ ವ್ಯಾಪಾರಿಯೊಬ್ಬ ಆಫ್ರಿಕಾದ ಜನರ ಮುಂದೆ ನಿಂತು ಅಮೆರಿಕದ ಗುಣಗಾನ ಮಾಡುತ್ತ ಹಡಗು ಹತ್ತಲು ಪುಸಲಾಯಿಸುತ್ತಾನೆ. ಸಂಕೋಲೆ, ಚಾವಟಿ ಎಂಬ ಮಾತೇ ಹಾಡಿನಲ್ಲಿಲ್ಲ. ಸೇರಬೇಕಾದ ಊರಿನ ಹೆಸರು ಮಾತ್ರ ಇದೆ, ಚಾರ್ಲ್ಸ್‌ಟನ್. ಗುಲಾಮರ ಮಾರಾಟಕ್ಕೆ ಹೆಸರಾದ ಬಂದರು ಅದು. ತಂತಿವಾದ್ಯಗಳು ಪ್ರಾರ್ಥನೆಯ ಹಾಗೆ ಮೇಲೇಳುತ್ತವೆ, ಕೇಳುವವರ ಮನಸ್ಸು ಅದರ ಹಿಂದೆ ಹೋಗುತ್ತದೆ. ಹೋದಮೇಲೆ ತಾನು ಯಾರ ಮಾತಿಗೆ ತಲೆದೂಗಿದೆ ಎಂದು ಹೊಳೆದು ಮೈ ಜುಮ್ಮೆನ್ನುತ್ತದೆ. ಹೊಗಳಿಕೆಯೊಳಗೆ ನಿಂದೆ ಅಡಗಿಸುವುದನ್ನು ನಮ್ಮ ಅಲಂಕಾರಶಾಸ್ತ್ರ ವ್ಯಾಜಸ್ತುತಿ ಎನ್ನುತ್ತದೆ. ಮೂರು ನಿಮಿಷದ ಪಾಪ್ ಹಾಡಿನಲ್ಲಿ ಅದು ಇಷ್ಟು ಗಾಢವಾಗಿ ಬಂದದ್ದು ಅಪರೂಪ.

ಈ ವಿದ್ಯೆಯಲ್ಲಿ ಅಪಾಯವೂ ಉಂಟು. ರಂಗದ ಮೇಲೆ ಬಣ್ಣ ಹಚ್ಚಿದ ಮುಖ ಕಾಣುತ್ತದೆ, ರೇಡಿಯೊದಲ್ಲಿ ಕಾಣುವುದಿಲ್ಲ. 1977ರ 'ಶಾರ್ಟ್ ಪೀಪಲ್' ಕುಳ್ಳರನ್ನು ಹೀಗಳೆಯುವ ಪೂರ್ವಗ್ರಹಪೀಡಿತನೊಬ್ಬನ ಮಾತು. ಮನುಷ್ಯರೆಲ್ಲ ಒಂದೇ ಎಂದು ನಡುವೆ ಬರುವ ಕೋರಸ್ ಹೇಳಿದರೂ ಅನೇಕರು ಅದನ್ನು ನ್ಯೂಮನ್ ಅವರ ಅಭಿಪ್ರಾಯವೆಂದೇ ತಿಳಿದರು. ಹಾಡನ್ನು ರೇಡಿಯೊದಿಂದ ತೆಗೆಸಲು ಮೇರಿಲ್ಯಾಂಡ್ ಶಾಸನಸಭೆಯಲ್ಲಿ ಮಸೂದೆ ಬಂತು. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದೇ ಹಾಡು 2ನೇ ಸ್ಥಾನಕ್ಕೇರಿತು.

ನಗುವಿಲ್ಲದ ಹಾಡುಗಳೂ ಇವೆ. 1974ರ 'ಲೂಯಿಸಿಯಾನಾ 1927' ಮಿಸಿಸಿಪ್ಪಿ ನದಿಯ ಮಹಾಪ್ರವಾಹವನ್ನು ಮುಳುಗಿದ ಊರಿನವನ ದನಿಯಲ್ಲಿ ಹೇಳುತ್ತದೆ. ಹಾಡಿನಲ್ಲಿ ಅಧ್ಯಕ್ಷ ಕೂಲಿಜ್ ರೈಲಿನಲ್ಲಿ ಬಂದು ನೋಡುತ್ತಾರೆ. ನಿಜದಲ್ಲಿ ಅವರು ಬರಲಿಲ್ಲ, ತಮ್ಮ ವಾಣಿಜ್ಯ ಸಚಿವ ಹೂವರ್ ಅವರನ್ನು ಕಳುಹಿಸಿದರು. 2005ರಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸನ್ನು ಮುಳುಗಿಸಿದಾಗ ಜನ ಈ ಹಾಡನ್ನು ಮತ್ತೆ ಹಾಡಿಕೊಂಡರು.

ಹೆಸರು ಗೊತ್ತಿಲ್ಲದ ಮಕ್ಕಳಿಗೂ ದನಿ ಗೊತ್ತಾದದ್ದು 1995ರ 'ಟಾಯ್ ಸ್ಟೋರಿ' ಸಿನಿಮಾದಿಂದ. 15 ಬಾರಿ ಆಸ್ಕರ್‌ಗೆ ನಾಮನಿರ್ದೇಶನಗೊಂಡು ಬರಿಗೈಯಲ್ಲಿ ಮರಳಿದ ನ್ಯೂಮನ್‌ಗೆ 2002ರಲ್ಲಿ ಮೊದಲನೆಯದು, 2011ರಲ್ಲಿ ಎರಡನೆಯದು ದಕ್ಕಿತು.

ವಯಸ್ಸು ಎಪ್ಪತ್ತು ದಾಟಿದ ಮೇಲೂ ಮೊನೆ ಮೊಂಡಾಗಲಿಲ್ಲ. 2017ರ 'ಡಾರ್ಕ್ ಮ್ಯಾಟರ್' ಸಂಗ್ರಹದ ಮೊದಲ ರಚನೆ 'ದ ಗ್ರೇಟ್ ಡಿಬೇಟ್', ವಿಜ್ಞಾನಿಗಳಿಗೂ ದೈವಭಕ್ತರಿಗೂ ನಡೆಯುವ ಎಂಟು ನಿಮಿಷದ ವಾಗ್ವಾದ. ನಡುವೆ ಭಕ್ತನೊಬ್ಬ ಎದ್ದು ನಿಂತು, ನ್ಯೂಮನ್ ಎಂಬವರು ನಮ್ಮಂಥ ಪಾತ್ರಗಳನ್ನು ಕಟ್ಟುವುದೇ ಗೇಲಿ ಮಾಡುವುದಕ್ಕೆ ಎಂದು ದೂರುತ್ತಾನೆ. ಆ ದೂರನ್ನು ಬರೆದವರೂ ನ್ಯೂಮನ್, ಹಾಡಿದವರೂ ನ್ಯೂಮನ್. ಹಾಡಿನ ಅತಿ ಚೆಲುವಾದ ಭಾಗವನ್ನು, ಚರ್ಚಿನ ಮೇಳಗಾನವನ್ನು, ಅವರು ಕೊಟ್ಟಿರುವುದು ಆ ಭಕ್ತರ ಗುಂಪಿಗೇ.